ತಪೇಲಿಯೊಳಗಿನ ಸಂಸಾರ

ಕೊಟ್ರಬಸಪ್ಪ ಮಾವನ ಲೂನಾದ ಹಿಂದಿನ ಸೀಟಿನಲ್ಲಿ ಅವನ ಹೆಂಡತಿ ಕೂತಿದ್ದನ್ನು ನೋಡಿದವರು ಕೊಟ್ಟೂರಿನಲ್ಲಿ ಯಾರೂ ಇಲ್ಲ. ಅಲ್ಲಿ ಯಾವಾಗಲೂ ಒಂದು ಸ್ಟೀಲಿನ ತಪೇಲಿ ಕೂತಿರುತ್ತಿತ್ತು. ಹಳೆಯ ಪಂಜೆಯಲ್ಲಿ ಸುತ್ತಿ, ಸೈಕಲ್ ಟ್ಯೂಬಿನ ಪಟ್ಟಿಯಿಂದ ಬಿಗಿದು ಕಟ್ಟಿದ ತಪೇಲಿ. ಅದಕ್ಕೆ ಮಾವ ಇಟ್ಟ ಹೆಸರು ಸಂಸಾರ. ಬೆಳಿಗ್ಗೆ ಹೊರಡುವ ಮುಂಚೆ "ನನ್ನ ಸಂಸಾರ ಎಲ್ಲೈತಿ?" ಎಂದು ಕೂಗಿದರೆ ಅತ್ತೆ ಒಳಗಿನಿಂದಲೇ, "ಮೊದಲನೇದು ಮೂಲ್ಯಾಗ ಐತಿ ನೋಡ್ರಿ, ಎರಡನೇದು ರೊಟ್ಟಿ ಬಡಿಯಾಕತ್ತೈತಿ" ಎನ್ನುತ್ತಿದ್ದಳು. ಇದು ದಿನಾ ನಡೆಯುವ ಮಾತು. ಆದರೂ ದಿನಾ ಇಬ್ಬರೂ ನಗುತ್ತಿದ್ದರು.

ಮಾವ ನನ್ನ ಅವ್ವನ ಅಣ್ಣ. ಕಸುಬು ಹುಣಸೆಹಣ್ಣಿನ ವ್ಯಾಪಾರ. ಹಣ್ಣು ಬಡಿದು ಮೂಟೆ ಕಟ್ಟಿದ ಮೇಲೆ ಕೊಳ್ಳುವ ವ್ಯಾಪಾರವಲ್ಲ. ಕಾಯಿ ಇನ್ನೂ ಕೊಂಬೆಯಲ್ಲಿ ಜೋತಾಡುತ್ತಿರುವಾಗಲೇ ಇಡೀ ಗಿಡವನ್ನು ಗುತ್ತಿಗೆ ಹಿಡಿಯುವ ವ್ಯಾಪಾರ. ಇದರಲ್ಲಿ ಕಣ್ಣೇ ತಕ್ಕಡಿ. ಗಿಡದ ಯಜಮಾನ ಒಂದು ಹೇಳುತ್ತಾನೆ, ಕೊಳ್ಳುವವನು ಕತ್ತು ಮೇಲೆತ್ತಿ ತನ್ನದೊಂದು ಅಂದಾಜು ಕಟ್ಟಬೇಕು. ಅಂದಾಜು ತಪ್ಪಿತೋ, ಆ ವರ್ಷ ಮನೆಮಂದಿಯೆಲ್ಲ ಹುಳಿ ಮುಖ ಹಾಕಿಕೊಂಡು ಕೂರಬೇಕು. ಹೀಗಾಗಿ ಮಾವ ಕಾಯಿ ಬಲಿಯುವ ಕಾಲಕ್ಕೆ ಕೂಡ್ಲಿಗಿ, ಉಜ್ಜಿನಿ ಕಡೆಯ ಹಳ್ಳಿಗಳ ಹೊಲದ ಬದುಗಳಲ್ಲಿ ಅಲೆಯುತ್ತಿದ್ದ. ಮಧ್ಯಾಹ್ನವಾದರೆ ಅವತ್ತು ನೋಡುತ್ತಿದ್ದ ಗಿಡದ ಬುಡದಲ್ಲೇ ಸಂಸಾರ ಹೂಡಿ ಅನ್ನ ಸಾರು ಮಾಡಿಕೊಳ್ಳುತ್ತಿದ್ದ.

ಬುತ್ತಿ ರೊಟ್ಟಿ ಇರುತ್ತಿತ್ತಲ್ಲ, ಅಷ್ಟು ಸಾಲದೇ ಎಂದು ನಾನು ಕೇಳಿದ್ದುಂಟು. ಒಣ ರೊಟ್ಟಿ ಗಳಿಗೆಯಲ್ಲಿ ಮುಗಿದುಹೋಗುತ್ತದೆ, ಗಿಡ ಅಷ್ಟು ಬೇಗ ಬಾಯಿ ಬಿಡುವುದಿಲ್ಲ ಎಂಬುದು ಅವನ ಉತ್ತರ. ಒಲೆ ಹಚ್ಚಿ, ಅಕ್ಕಿ ಹಾಕಿ, ಅಂಗಾತ ಮಲಗಿ ಮೇಲೆ ನೋಡುತ್ತಿದ್ದರೆ ಅನ್ನ ಅರಳುವ ಹೊತ್ತಿಗೆ ಗಿಡದ ಲೆಕ್ಕವೂ ಮುಗಿಯುತ್ತಿತ್ತಂತೆ. ಆದರೆ ದರ ಹೇಳುವುದು ಉಂಡ ಮೇಲೆಯೇ. "ಹಸಿದ ಕಣ್ಣಿಗೆ ಇಲ್ಲದ ಕಾಯಿನೂ ಕಾಣತಾವ. ಉಂಡ ಕಣ್ಣಿಗೆ ಇದ್ದಷ್ಟ ಕಾಣತಾವ" ಎನ್ನುತ್ತಿದ್ದ.

ಗಿಡದ ಯಜಮಾನರೇನೂ ಊಟಕ್ಕೆ ಕರೆಯದ ಜನರಲ್ಲ. ನಮ್ಮ ಕಡೆ ಬಾಗಿಲಿಗೆ ಬಂದವನನ್ನು ಊಟದ ಹೊತ್ತಿಗೆ ಹಾಗೇ ಕಳಿಸಿದರೆ ಆ ಮನೆಯ ಮಾನ ಹೋಗುತ್ತದೆ. ಮಾವನನ್ನೂ ಕೈಹಿಡಿದು ಎಳೆಯುತ್ತಿದ್ದರು. ಮಾವ ಮಾತ್ರ ಜಪ್ಪಯ್ಯ ಅಂದರೂ ಹೋಗುತ್ತಿರಲಿಲ್ಲ. ಉಪ್ಪುಂಡ ಮನೆಗೆ ಎರಡು ಬಗೆಯಬಾರದು ಅನ್ನುವುದನ್ನು ಎಲ್ಲರೂ ಬಾಯಲ್ಲಿ ಹೇಳುತ್ತಾರೆ. ಮಾವ ಅದನ್ನು ಕಸುಬಿನ ಕಾನೂನು ಮಾಡಿಕೊಂಡಿದ್ದ. ಅವರ ಮನೆಯ ಉಪ್ಪು ನಾಲಿಗೆಗೆ ತಾಗಿದ ಮೇಲೆ ಅದೇ ನಾಲಿಗೆಯಿಂದ ಚೌಕಾಸಿ ಮಾಡಲು ಬರುವುದಿಲ್ಲ, ಹಾಗಾಗಿ ಮಾತು ಮುಗಿಯುವ ತನಕ ಅವರ ಉಪ್ಪು ಮುಟ್ಟಬಾರದು. ಮಾತು ಮುಗಿದ ಮೇಲೆ ಕರೆಯದಿದ್ದರೂ ಹೋಗಿ ಎರಡು ಸಲ ಅನ್ನ ಹಾಕಿಸಿಕೊಳ್ಳುತ್ತಿದ್ದ. ಬಾವಿಯ ನೀರಿಗೆ, ಬಿದ್ದ ಕಟ್ಟಿಗೆಗೆ ಈ ಕಾನೂನು ಇರಲಿಲ್ಲ. "ನೀರು ಭೂಮಿದು, ಕಟಗಿ ಗಿಡದ್ದು, ಉಪ್ಪೊಂದು ಮನಿದು" ಎಂದು ಅವನೇ ವಿಂಗಡಿಸಿ ಇಟ್ಟಿದ್ದ.

ಈ ಸಂಸಾರವನ್ನು ಕಟ್ಟಿಕೊಳ್ಳಲು ಮಾವ ಪಟ್ಟ ಪಾಡು ನಮ್ಮ ಅತ್ತೆಯನ್ನು ನೋಡಿ ಒಪ್ಪುವಾಗಲೂ ಪಟ್ಟಿರಲಿಲ್ಲ. ಮೊದಲು ಅಲ್ಯೂಮಿನಿಯಂ ಪಾತ್ರೆ ಇಟ್ಟುಕೊಂಡಿದ್ದ, ಹಗುರ ಎಂದು. ದಿನಾ ಹುಣಸೆ ಸಾರು ಕುದಿಸಿ ಕುದಿಸಿ ಅದರ ಹೊಟ್ಟೆಯೆಲ್ಲ ಕಪ್ಪಾಗಿ ಗುಳಿ ಬಿತ್ತು. ಹಿತ್ತಾಳೆಗೆ ಕಲಾಯಿ ಮಾಡಿಸುವವರು ಯಾರು ಎಂದು ಅದನ್ನೂ ಬಿಟ್ಟ. ಒಲೆಯ ಕಥೆ ಇನ್ನೊಂದು. ಸಣ್ಣ ಪಂಪ್ ಸ್ಟವ್ ತಂದು ತಪೇಲಿಯೊಳಗೇ ಇಟ್ಟುಕೊಂಡು ಹೋದ; ದಾರಿಯ ಕುಲುಕಾಟಕ್ಕೆ ಸೀಮೆಎಣ್ಣೆ ಸೋರಿ ಅಕ್ಕಿಯಲ್ಲಿ ಇಳಿಯಿತು. ಚೆಲ್ಲಲು ಮನಸ್ಸು ಬಾರದೆ ಅದನ್ನೇ ತೊಳೆದು, ಬೇಯಿಸಿ ಉಂಡನಂತೆ. ಅವತ್ತು ಸಂಜೆ ಮಾವ ತೇಗಿದರೆ ಕಟ್ಟೆಯ ಮೇಲೆ ಬೀಡಿ ಸೇದುತ್ತಿದ್ದವರು ಎದ್ದು ದೂರ ಹೋಗಿ ಕೂತರು. ಆಮೇಲೆ ಕೂಡ್ಲಿಗಿಯ ಕಮ್ಮಾರನ ಮುಂದೆ ಕೂತು ಕಾಲು ಮಡಚುವ ಕಬ್ಬಿಣದ ಮುಕ್ಕಾಲಿಯೊಂದನ್ನು ಮಾಡಿಸಿದ. ಮಡಚಿದರೆ ಅದು ತಪೇಲಿಯ ಮುಚ್ಚಳದ ಕೆಳಗೆ ತೆಪ್ಪಗೆ ಮಲಗುತ್ತಿತ್ತು.

ಪಾತ್ರೆ ಕೊಂಡದ್ದಕ್ಕೆ ನಾನೇ ಸಾಕ್ಷಿ. ಕಾಲೇಜಿನಿಂದ ಬರುತ್ತಿದ್ದವಳು ಕೊಟ್ಟೂರಿನ ಪಾತ್ರೆ ಅಂಗಡಿಯ ಮುಂದೆ ಜನ ನಿಂತದ್ದನ್ನು ನೋಡಿ ಇಣುಕಿದೆ. ಒಳಗೆ ಮಾವ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಒಂದರೊಳಗೊಂದು ತಪೇಲಿ ಇಟ್ಟು ತೆಗೆಯುತ್ತಿದ್ದಾನೆ. ದಪ್ಪ ತಳದ್ದು ಬೇಕು, ತೆಳು ತಳದ್ದು ಕಟ್ಟಿಗೆ ಬೆಂಕಿಗೆ ಅನ್ನ ಸೀಯಿಸುತ್ತದೆ. ಹಿಡಿ ಬೇಡ, ಜಾಗ ತಿನ್ನುತ್ತದೆ, ಇಕ್ಕಳ ಸಾಕು. ಮುಚ್ಚಳ ಬರೀ ಮುಚ್ಚಳವಾದರೆ ದಂಡ, ಅಂಚಿರುವ ತಾಟು ಬೇಕು, ಬೇಯುವಾಗ ಮುಚ್ಚಳ, ಉಣ್ಣುವಾಗ ಗಂಗಾಳ. ಇಷ್ಟೆಲ್ಲ ಹೊಂದಿದ ಮೇಲೆ ಆ ಗಂಟನ್ನು ಎತ್ತಿ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದ. ಗಲಗಲ ಅಂದಿತು. ಬೇಡ ಎಂದ. ಇನ್ನೊಂದು ಜೋಡಿ ಅಲ್ಲಾಡಿಸಿದ. ಕೊನೆಗೆ ಒಂದು ಜೋಡಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಬಜಾರಿನ ಆ ತುದಿಯಿಂದ ಈ ತುದಿಗೆ ಓಡಿ ಬಂದ. ಅಂಗಡಿಯವನು ಪಾತ್ರೆ ಹೋಯಿತೆಂದು ಹಿಂದೆಯೇ ಓಡಿದ.

ಸಪ್ಪಳವಾದರೆ ಏನಂತೆ ಎಂದು ಕೇಳಿದ್ದಕ್ಕೆ ಮಾವ ಕೊಟ್ಟ ಕಾರಣ ಇದು: ತಪೇಲಿ ಗಲಗಲ ಎನ್ನುತ್ತ ಊರು ಹೊಕ್ಕರೆ ಹುಣಸೆ ವ್ಯಾಪಾರಿ ಬಂದ ಎಂದು ಊರಿಗೆಲ್ಲ ಡಂಗುರ ಹೊಡೆದಂತೆ. ಲೂನಾ ನಿಲ್ಲಿಸುವ ಹೊತ್ತಿಗೆ ಗಿಡದ ದರ ಏರಿರುತ್ತದೆ. ಅದಕ್ಕೇ ಪಾತ್ರೆಗಳ ನಡುವೆ ಹಳೇ ಬಟ್ಟೆ. ದೊಡ್ಡ ತಪೇಲಿಯೊಳಗೆ ಸಣ್ಣದು, ಸಣ್ಣದರೊಳಗೆ ಲೋಟ, ಲೋಟದೊಳಗೆ ಖಾರ, ಬೇಳೆ, ಉಪ್ಪು. ಉಪ್ಪಿಗೆ ಮಾತ್ರ ಫೋಟೊ ಸ್ಟುಡಿಯೋದಿಂದ ಬೇಡಿ ತಂದ ರೀಲಿನ ಕರಿ ಡಬ್ಬಿ. ಹೆಬ್ಬೆಟ್ಟಿನಷ್ಟು ದಪ್ಪ, ಮಳೆಗೂ ಜಗ್ಗದ ಮುಚ್ಚಳ. ಅದನ್ನು ಪ್ರತಿ ರಾತ್ರಿ ತಾನೇ ತುಂಬುತ್ತಿದ್ದ, ಅತ್ತೆಯ ಕೈಗೂ ಕೊಡುತ್ತಿರಲಿಲ್ಲ. "ಅಕ್ಕಿ ಮರತ್ರ ಉಪಾಸ ಅಷ್ಟ. ಉಪ್ಪು ಮರತ್ರ ವ್ಯಾಪಾರ ಹೋಗತೈತಿ" ಎನ್ನುವುದು ಅವನ ಮಂತ್ರ. ಉಪ್ಪು ಮರೆತ ದಿನವೊಂದು ತನ್ನ ಆಯುಷ್ಯದಲ್ಲಿ ಇಲ್ಲ ಎಂದು ಮೀಸೆ ತಿರುವುತ್ತಿದ್ದ. ಮೀಸೆ ತೆಳ್ಳಗಿತ್ತು, ತಿರುವಿದರೆ ಕೈಗೆ ಸಿಗುತ್ತಿರಲಿಲ್ಲ.

ಅವನ ಉಪ್ಪನ್ನು ಬೇರೆಯವರು ಉಣ್ಣಲು ಮಾತ್ರ ಯಾವ ಅಡ್ಡಿಯೂ ಇರಲಿಲ್ಲ. ಒಮ್ಮೆ ಉಚ್ಚಂಗಿದುರ್ಗಕ್ಕೆ ಹೋಗಿ ಬರುವಾಗ ನಾವು ಕೂತಿದ್ದ ಬಸ್ಸು ನಡುದಾರಿಯಲ್ಲಿ ಕೆಟ್ಟು ನಿಂತಿತು. ತಪೇಲಿಯನ್ನು ಮೇಲೆ ಹಾಕಬೇಕು ಎಂದು ಬೆಳಿಗ್ಗೆಯಿಂದ ಕಂಡಕ್ಟರಿಗೂ ಮಾವನಿಗೂ ಜಟಾಪಟಿ ನಡೆದಿತ್ತು. ಮಾವ ಅದನ್ನು ತೊಡೆಯ ಮೇಲಿಂದ ಇಳಿಸಿರಲಿಲ್ಲ. ಬಸ್ಸು ನಿಂತದ್ದೇ ತಡ ಜಾಲಿ ಗಿಡದ ಕೆಳಗೆ ಮುಕ್ಕಾಲಿ ಹೂಡಿದ. ಒಬ್ಬರು ಈರುಳ್ಳಿ ಕೊಟ್ಟರು, ಇನ್ನೊಬ್ಬಳು ಮಡಿಲಿನಿಂದ ಬದನೆಕಾಯಿ ತೆಗೆದಳು. ಕಂಡಕ್ಟರ್ ಮುಖ ಆ ಕಡೆ ಮಾಡಿ ನಿಂತಿದ್ದ, ಮೂಗು ಮಾತ್ರ ಈ ಕಡೆ ಇತ್ತು. ಮಾವ ಮೊದಲ ತುತ್ತು ಅವನಿಗೇ ಕೊಟ್ಟು, ಉಪ್ಪು ಸರಿಯಾಗಿದೆಯೇ ಎಂದು ವಿಚಾರಿಸಿದ. ಅಂದಿನಿಂದ ಆ ಕಂಡಕ್ಟರ್ ಯಾವ ಹೊಲದ ಬದುವಿನಲ್ಲಿ ಮಾವನನ್ನು ಕಂಡರೂ ಬಸ್ಸು ನಿಲ್ಲಿಸುತ್ತಿದ್ದ. ಲೂನಾ ಇದ್ದ ದಿನವೂ ನಿಲ್ಲಿಸಿ, ಹತ್ತುವುದಿಲ್ಲವೇ ಎಂದು ಕೇಳುತ್ತಿದ್ದ.

ಇಷ್ಟರ ತನಕ ಎಲ್ಲ ಚೆಂದ. ಆದರೆ ಅಪ್ಪ ಇಲ್ಲದ ನಮ್ಮ ಮನೆಗೆ ಮಾವನೇ ಹಿರಿಯ. ನನಗೆ ಗಂಡು ಹುಡುಕಲು ಶುರುವಾದಾಗ ಗಂಡಿನ ಮನೆ ನೋಡಿ ಬರುವ ಕೆಲಸವೂ ಅವನದೇ ಆಯಿತು. ಅಲ್ಲಿಗೂ ಅವನು ಸಂಸಾರ ಸಮೇತ ಹೊರಟ.

ಮೊದಲ ಮನೆ ಹರಪನಹಳ್ಳಿಯದು, ಅಕ್ಕಿ ಗಿರಣಿಯ ಸಾಹುಕಾರರು. ಹೋಳಿಗೆ ಮಾಡಿ ಎಲೆ ಹಾಕಿ ಕಾದಿದ್ದರು. ಮಾವ ಪಡಸಾಲೆಯಲ್ಲಿ ನೀರು ಕುಡಿದು, ಮಾತು ಮುಗಿಯಲಿ, ಆಮೇಲೆ ಉಣ್ಣೋಣ ಎಂದವನೇ ಅಂಗಳಕ್ಕಿಳಿದು ಅವರ ತುಳಸಿಕಟ್ಟೆಯ ಪಕ್ಕ ಮುಕ್ಕಾಲಿ ಹೂಡಿ ಬೆಂಕಿ ಹಚ್ಚಿದ. ನಮ್ಮ ಮನೆಯ ಊಟ ನಿಮಗೆ ಸೇರುವುದಿಲ್ಲವೇ ಎಂದು ಸಾಹುಕಾರರು ಕೇಳಿದರಂತೆ. ಮಾವ ಒಲೆಗೆ ಇನ್ನೊಂದು ಕಟ್ಟಿಗೆ ಸರಿಸಿ, ಅನ್ನ ಬೆಂದ ಮೇಲೆ ಉಂಡು, ಪಾತ್ರೆ ಬೆಳಗಿಕೊಂಡು, ಶರಣು ಹೇಳಿ ಎದ್ದು ಬಂದ. ಸಂಬಂಧ ಮುರಿಯಿತು. ನನಗೇನೂ ದುಃಖವಾಗಲಿಲ್ಲ, ಆ ಹುಡುಗ ನನ್ನನ್ನು ನೋಡಲು ಬಂದಾಗ ಪೂರ್ತಿ ಹೊತ್ತು ತನ್ನ ವಾಚನ್ನೇ ನೋಡಿಕೊಂಡಿದ್ದ. ಆದರೆ ಸುದ್ದಿ ಸುಮ್ಮನಿರುತ್ತದೆಯೇ? ಒಲೆ ಹೊತ್ತುಕೊಂಡು ಬರುವ ಬೀಗರು ಎಂಬ ಹೆಸರು ಊರೂರಿಗೆ ಹಬ್ಬಿತು. ಬರುತ್ತೇವೆ ಎಂದಿದ್ದ ಇಬ್ಬರು ಬರಲೇ ಇಲ್ಲ. ಅವ್ವ ಅಣ್ಣನ ಮೇಲಿನ ಸಿಟ್ಟಿಗೆ ಹಿತ್ತಲಲ್ಲಿ ಪಾತ್ರೆಗಳನ್ನು ಕುಕ್ಕಿ ಕುಕ್ಕಿ ತೊಳೆಯುತ್ತಿದ್ದಳು.

ಆಮೇಲೆ ಬಂದದ್ದು ತಂಬ್ರಹಳ್ಳಿಯ ಸಂಬಂಧ. ಹುಡುಗ ವೀರೇಶ. ಹಗರಿಬೊಮ್ಮನಹಳ್ಳಿಯಲ್ಲಿ ಪಂಪ್‌ಸೆಟ್ ಮೋಟರಿಗೆ ವೈಂಡಿಂಗ್ ಮಾಡುವ ಅಂಗಡಿ. ನೋಡಲು ಬಂದವನು ಮಂಡಕ್ಕಿ ಮೆಣಸಿನಕಾಯಿ ತಿನ್ನುತ್ತ, ಖಾರಕ್ಕೆ ಕಣ್ಣಲ್ಲಿ ನೀರು ಸುರಿಸುತ್ತಲೇ, "ನಾವಷ್ಟ ಕೇಳಿದ್ರ ಹೆಂಗ? ನಿಮಗೇನರ ಕೇಳೋದೈತೇನ್ರಿ?" ಎಂದು ನನ್ನನ್ನು ಕೇಳಿದ. ಅಲ್ಲಿಯ ತನಕ ಬಂದವರು ಯಾರೂ ಹಾಗೆ ಕೇಳಿರಲಿಲ್ಲ. ನಾನು ಗಾಬರಿಯಲ್ಲಿ, ಇನ್ನೊಂದು ಮೆಣಸಿನಕಾಯಿ ಬೇಕೇ ಎಂದು ಕೇಳಿಬಿಟ್ಟೆ. ಅವನು ಬೇಕು ಎಂದ. ನನಗೆ ಆ ಮನೆಯೇ ಆಗಬೇಕು ಎನಿಸಿದ್ದು ಆಗ.

ಮನೆ ನೋಡಲು ಹೋಗುವ ಹಿಂದಿನ ಸಂಜೆ ನಾನು ಮಾವನ ಹತ್ತಿರ ಹೋಗಿ ನಿಂತೆ. ಅವನು ಹಳೇ ಬಟ್ಟೆಯಿಂದ ತಪೇಲಿ ಒರೆಸುತ್ತಿದ್ದ.

"ಮಾವ, ನಾಳೆ ಒಂದಿನ ಸಂಸಾರ ಇಲ್ಲೇ ಬಿಟ್ಟು ಹೋಗು."

ಮಾವ ಕೈ ನಿಲ್ಲಿಸಿ ನನ್ನ ಮುಖ ನೋಡಿದ. "ಹುಡುಗ ಮೆಚ್ಚಿಗಿ ಆಗ್ಯಾನೇನವ್ವಾ?"

ಸೆರಗು ಸರಿಮಾಡಿಕೊಂಡು ಒಳಗೆ ಓಡಿದೆ. ಹೇಳಬೇಕಾಗಿದ್ದನ್ನು ಹೇಳದೆ ಬಂದೆನಲ್ಲ ಎಂದು ಆಮೇಲೆ ಹಣೆ ಹಣೆ ಬಡಿದುಕೊಂಡೆ. ಬೆಳಿಗ್ಗೆ ಎದ್ದು ನೋಡಿದರೆ ಅವ್ವ, ಅತ್ತೆ, ಮಾವ ಬಾಡಿಗೆ ಜೀಪಿನಲ್ಲಿ ಕೂತಿದ್ದರು, ಮಾವನ ತೊಡೆಯ ಮೇಲೆ ತಪೇಲಿಯೂ ಕೂತಿತ್ತು. ನನಗೆ ಅಳು ಬಂತು. ಅತ್ತು, ಆಮೇಲೆ ಸಿಟ್ಟಿಗೆ ಮನೆಯ ಎಲ್ಲ ಪಾತ್ರೆ ತೊಳೆದಿಟ್ಟೆ.

ತಂಬ್ರಹಳ್ಳಿಯಲ್ಲಿ ನಡೆದದ್ದು ಅವ್ವನ ಬಾಯಿಂದ ಕೇಳಿದ್ದು. ಮಾವ ಅಲ್ಲಿಯೂ ನೀರು ಕುಡಿದು ಅಂಗಳಕ್ಕಿಳಿದ. ಬೇವಿನ ಗಿಡದ ಕೆಳಗೆ ಮುಕ್ಕಾಲಿ ಹೂಡಿದ. ಹುಡುಗನ ಅಪ್ಪ ರುದ್ರಗೌಡರ ಮುಖ ಕೆಂಪಾಯಿತು. ಅವ್ವ ಕಂಬಕ್ಕೆ ಒರಗಿ ಕಣ್ಣು ಮುಚ್ಚಿಕೊಂಡಳು. ಹಸಿ ಕಟ್ಟಿಗೆಯ ಹೊಗೆಗೆ ಮಾವ ಕೆಮ್ಮಿ, ಕಣ್ಣುಜ್ಜಿ, ಒಲೆಯ ಸುತ್ತ ಜಾಗ ಬದಲಿಸುತ್ತಿದ್ದರೆ ಹೊಗೆ ಅವನ ಹಿಂದೆಯೇ ಸುತ್ತಿತು. ಅನ್ನ ಇಳಿಸಿ ಸಾರಿಗೆ ಇಟ್ಟ. ಸಾರು ಮರಳುವ ಹೊತ್ತಿಗೆ ಕರಿ ಡಬ್ಬಿ ತೆಗೆದು, ಮುಚ್ಚಳ ಎತ್ತಿ, ಒಳಗೆ ಇಣುಕಿ, ಮತ್ತೆ ಮುಚ್ಚಿ ಅಂಗಿಯ ಜೇಬಿಗೆ ಹಾಕಿಕೊಂಡ. ಆಮೇಲೆ ಅಡುಗೆಮನೆಯ ಕಡೆ ತಿರುಗಿ ಕೂಗಿದ.

"ಯವ್ವಾ, ಉಪ್ಪು ಮರತು ಬಂದೀನಿ. ಒಂದು ಚಿಟಿಕಿ ಕೊಡ್ರಿ."

ಅವ್ವ ಕಣ್ಣು ಬಿಟ್ಟಳು. ಅತ್ತೆ ಅವ್ವನ ತೋಳು ಚಿವುಟಿದಳು. ಉಪ್ಪು ಬೇಡಿದ ಮೇಲೆ ಇನ್ನು ಹಿಂದೆಮುಂದೆ ನೋಡುವ ಮಾತೇ ಇಲ್ಲ ಎಂದು ಅವರಿಬ್ಬರಿಗೆ ಮಾತ್ರ ಗೊತ್ತಿತ್ತು. ಹುಡುಗನ ತಾಯಿ ಹಾಲಮ್ಮ ಬಟ್ಟಲಲ್ಲಿ ಉಪ್ಪು ತಂದು, ಕೈಯಿಂದ ಕೈಗೆ ಕೊಟ್ಟರೆ ಜಗಳವೆಂದು ನೆಲದ ಮೇಲಿಟ್ಟು, ತಪೇಲಿಯೊಳಗೆ ಇಣುಕಿದಳಂತೆ. "ಇಷ್ಟು ಚೆಂದ ಮಾಡಿ ಒಬ್ರ ಉಣ್ತೀರೇನಣ್ಣಾ? ನಮಗೂ ಒಂದೊಂದು ತುತ್ತು ಬಡಸ್ರಿ" ಎಂದಳಂತೆ. ಮಾವ ತನ್ನ ಉಪ್ಪಿನ ಕಾನೂನನ್ನು ಆಗ ಎಲ್ಲರಿಗೂ ಬಿಡಿಸಿ ಹೇಳಿದ. ರುದ್ರಗೌಡರ ಮುಖದ ಕೆಂಪು ಇಳಿಯಿತು. ನಿಮ್ಮ ಉಪ್ಪು ಬಿದ್ದಿದೆ, ನನ್ನ ಕಡೆಯಿಂದ ಮಾತು ಮುಗಿಯಿತು, ಇನ್ನು ಒಳಗೆ ಎಲೆ ಹಾಕಿರಿ ಎಂದು ಮಾವ ಎದ್ದ. ಅವತ್ತು ಅವನು ಎರಡು ಸಲ ಊಟ ಮಾಡಿದ.

ನನ್ನ ಮದುವೆ ಹೀಗೆ ಒಂದು ಚಿಟಿಕೆ ಉಪ್ಪಿನ ಮೇಲೆ ಆಯಿತು. ಮಾವನ ಮಾನ ಮಾತ್ರ ಹೋಯಿತು. ಆಯುಷ್ಯದಲ್ಲಿ ಮರೆಯದವನು ಅವತ್ತೇ ಮರೆತನಲ್ಲ ಎಂದು ಅತ್ತೆ ಅವನನ್ನು ಜೀಪಿನಲ್ಲೇ ಆಡಿಕೊಳ್ಳಲು ಶುರು ಮಾಡಿದವಳು ವರ್ಷಗಟ್ಟಲೆ ಬಿಡಲಿಲ್ಲ. ನಮ್ಮ ಎರಡೂ ಮನೆಗಳಲ್ಲಿ ಯಾರಾದರೂ ಬೀಗದ ಕೈ ಮರೆತರೆ, ಕೊಡೆ ಮರೆತರೆ, ಕೊಟ್ರಬಸಪ್ಪನೇ ಉಪ್ಪು ಮರೆತಿದ್ದಾನೆ, ನಮ್ಮದೇನು ಎಂಬುದು ಗಾದೆಯಾಯಿತು. ನನ್ನ ಗಂಡನಂತೂ ಮಾವ ಬಂದಾಗಲೆಲ್ಲ ಎಲೆಯ ತುದಿಗೆ ಬೇಕೆಂದೇ ಎರಡು ಸಲ ಉಪ್ಪು ಬಡಿಸುತ್ತಿದ್ದ. ಮಾವ ಮೀಸೆ ತಿರುವುವುದನ್ನು ಬಿಟ್ಟ. ನಾನೂ ಆಡಿಕೊಂಡು ನಕ್ಕವರಲ್ಲಿ ಒಬ್ಬಳು.

ಕೊನೆಯ ಸಲ ಅವನನ್ನು ನೋಡಿದಾಗ ಮಂಡಿ ನೋವಿಗೆ ಲೂನಾ ಬಿಟ್ಟು ಮೂಲೆ ಹಿಡಿದಿದ್ದ. ಗಿಡದ ಕೆಳಗೆ ಉಣ್ಣದೆ ಅನ್ನ ಗಂಟಲಲ್ಲಿ ಇಳಿಯುತ್ತಿಲ್ಲ ಎಂದು ಕೊರಗುತ್ತಾನೆ, ನೀನಾದರೂ ಕರೆದುಕೊಂಡು ಹೋಗು ಎಂದು ಅತ್ತೆ ಹೇಳಿದಳು. ಆಟೋದಲ್ಲಿ ಉಜ್ಜಿನಿ ರಸ್ತೆಯ ಹಳೆಯ ಹುಣಸೆ ಗಿಡವೊಂದರ ಕೆಳಗೆ ಕರೆದೊಯ್ದೆ. ಅವನು ಬೊಡ್ಡೆಗೆ ಒರಗಿ ಕೂತು ಹೇಳುತ್ತಿದ್ದ, ನಾನು ಮಾಡುತ್ತಿದ್ದೆ. ಸಾರು ಮರಳಿದಾಗ ಕೀಟಲೆಗೆ ಕೇಳಿದೆ.

"ಉಪ್ಪು ಐತೇನು ಮಾವ, ಇಲ್ಲ ಅವತ್ತಿನಂಗ ಡಬ್ಬಿ ಖಾಲಿನೋ?"

"ಅವತ್ತು ಯಾರು ಹೇಳ್ಯಾರ ಖಾಲಿ ಇತ್ತಂತ?" ಎಂದ ಮಾವ, ಕಣ್ಣು ಮೇಲಿನ ಕೊಂಬೆಯಲ್ಲೇ ಇಟ್ಟು. "ತುಂಬಿತ್ತು."

ನನ್ನ ಕೈಯ ಸೌಟು ಅಲ್ಲೇ ನಿಂತಿತು.

ಮಾವ ನಿಧಾನವಾಗಿ ಹೇಳಿದ. ಪಡಸಾಲೆಯಲ್ಲಿ ಕೂತರೆ ಹಾಸಿದ ಜಮಖಾನೆ ಕಾಣುತ್ತದೆ, ಅಂಗಳದಲ್ಲಿ ಒಲೆ ಹಚ್ಚಿದರೆ ಅಡುಗೆಮನೆಯವರೆಲ್ಲ ಹೊರಗೆ ಇಣುಕುತ್ತಾರೆ. ಹರಪನಹಳ್ಳಿಯಲ್ಲಿ ಹಿರಿ ಸೊಸೆ ಕಿಟಕಿಯಿಂದ ಇಣುಕಿದಳು, ಒಳಗಿನಿಂದ ಯಾವುದೋ ಕೈ ಬಂದು ಕಿಟಕಿಯನ್ನು ಅವಳ ಮುಖಕ್ಕೇ ಮುಚ್ಚಿತು. ತಂಬ್ರಹಳ್ಳಿಯಲ್ಲಿ ಹೊಗೆ ಅವನನ್ನು ಅಟ್ಟಿಸಿಕೊಂಡು ತಿರುಗುವುದನ್ನು ನೋಡಿ ಹಿರಿ ಸೊಸೆ ರುದ್ರಗೌಡರ ಎದುರಿಗೇ ಗೊಳ್ಳನೆ ನಕ್ಕಳು. ಯಾರೂ ಅವಳನ್ನು ಗದರಿಸಲಿಲ್ಲ, ಹಾಲಮ್ಮನೂ ಅವಳ ಜೊತೆ ನಕ್ಕಳು. ಅನ್ನ ಅರಳುವ ಹೊತ್ತಿಗೆ ಲೆಕ್ಕ ಮುಗಿದಿತ್ತು.

"ಆದ್ರ ನೀನು ಹಿಂದಿನ ದಿನ ಬಾಯಿ ಬಿಡಲಿಲ್ಲ, ಒಳಗ ಓಡಿದಿ. ಗಿಡ ಅಷ್ಟು ಮನಸಿಗೆ ಬಂದ ಮ್ಯಾಲೆ ಚೌಕಾಸಿ ಮಾಡಬಾರದವ್ವಾ. ಯಾರರ ಒಬ್ರು ಉಪ್ಪು ಕೇಳಬೇಕಿತ್ತು, ನಾ ಕೇಳಿದೆ."

ಇಷ್ಟು ವರ್ಷ ನಾವೆಲ್ಲ ಆಡಿಕೊಂಡಾಗ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಹೇಳಿದ್ದರೆ ನಿನ್ನ ಅತ್ತೆಗೆ ನನ್ನನ್ನು ಆಡಿಕೊಳ್ಳಲು ಬೇರೇನಿತ್ತು ಎಂದು ನಕ್ಕು, ಸಾರು ಸೀಯುತ್ತಿದೆ ನೋಡು ಎಂದ. ನಾನು ಸಾರು ನೋಡಿದೆ. ಕಣ್ಣು ತುಂಬಿತ್ತು, ಏನೂ ಕಾಣಲಿಲ್ಲ. ಹೊಗೆ ಎಂದೆ. ಕಟ್ಟಿಗೆ ಒಣಗಿದ್ದು, ಹೊಗೆಯೇ ಇರಲಿಲ್ಲ. ಮಾವ ಹೌದೌದು ಎಂದ.

ಮುಂದಿನ ಹುಣಸೆ ಕಾಯಿ ಬಲಿಯುವಷ್ಟರಲ್ಲಿ ಮಾವ ಇರಲಿಲ್ಲ. ಎಲ್ಲ ಕಾರ್ಯ ಮುಗಿದ ಮೇಲೆ ಅತ್ತೆ ಪಂಜೆಯಲ್ಲಿ ಸುತ್ತಿದ ಗಂಟನ್ನು ತಂದು ನನ್ನ ತೊಡೆಯ ಮೇಲಿಟ್ಟಳು. "ನನ್ನ ಸವತಿನ್ನ ನೀನ ಸಾಕು" ಎಂದಳು. ಬಸ್ಸಿನಲ್ಲಿ ತಂಬ್ರಹಳ್ಳಿಯ ತನಕ ಅದನ್ನು ತೊಡೆಯ ಮೇಲಿಂದ ಇಳಿಸಲಿಲ್ಲ. ಕುಲುಕಾಟಕ್ಕೆ ಒಂದು ಸಪ್ಪಳವೂ ಬರಲಿಲ್ಲ.

ಮನೆಗೆ ಬಂದು ಬಿಚ್ಚಿದೆ. ತಪೇಲಿಯೊಳಗೆ ತಪೇಲಿ, ಅದರೊಳಗೆ ಲೋಟ, ಲೋಟದೊಳಗೆ ಕರಿ ಡಬ್ಬಿ. ಡಬ್ಬಿಯ ಬಾಯಿತನಕ ಉಪ್ಪು ತುಂಬಿ ಗಟ್ಟಿಯಾಗಿತ್ತು. ಅವತ್ತಿನ ಸಾರು ಒಲೆಯ ಮೇಲೆ ಕುದಿಯುತ್ತಿತ್ತು, ಉಪ್ಪು ಆಗಲೇ ಹಾಕಿದ್ದೆ. ಆದರೂ ಚಮಚದ ಹಿಡಿಯಿಂದ ಕುಟ್ಟಿ ಒಂದು ಹೆಂಟೆ ಬಿಡಿಸಿ ಅದರೊಳಗೆ ಹಾಕಿದೆ. ಮನೆಮಂದಿಯನ್ನೆಲ್ಲ ಒಟ್ಟಿಗೆ ಕೂರಿಸಿ ಬಡಿಸಿದೆ. ಗಂಡ ತಲೆ ಎತ್ತಿ ನನ್ನನ್ನು ನೋಡಿದ. ಅತ್ತೆ ಹಾಲಮ್ಮ ಎರಡು ತುತ್ತು ಉಂಡು, ಇವತ್ತು ಸಾರು ಉಪ್ಪಾಗಿದೆಯಲ್ಲ ಎಂದಳು.

ಮಾವನ ಉಪ್ಪು ಎಂದೆ. ಅವಳು ಇನ್ನೊಂದು ಸೌಟು ಹಾಕಿಸಿಕೊಂಡಳು.